ಯುದ್ಧ ಆದ್ರ ರೇಟ್ ಬರ್ತೈತಿ ಅನ್ನೋರಿಗೆ

ಹಸ್ತಿ ಮಳಿ ಈ ಸಲ ಮೋಸ ಮಾಡಲಿಲ್ಲ. ಬನ್ನಿ ಮುಗೀತು, ಶೀಗಿ ಹುಣ್ಣಿಮಿ ಎದುರಿಗೇ ಐತಿ. ನಮ್ಮ ಎರಿ ಹೊಲ ಇನ್ನೂ ಹಸಿ, ಎರಡು ದಿನ ಬಿಸಿಲು ಕೊಟ್ಟರೆ ಕೂರಿಗಿ ಹೂಡಬಹುದು. ಬೆಳಿಗ್ಗೆ ಇಬ್ಬನಿ ಬೀಳಾಕ ಹತ್ತೈತಿ, ಬದುವಿನ ಹುಲ್ಲು ತೆನಿ ಹೊತ್ತೈತಿ, ಆಕಾಶ ತೊಳೆದಿಟ್ಟಂಗ ಐತಿ. ಹೆಸರು ಮಾರಿ ಆಗಿದೆ, ಮೆಕ್ಕಿಜೋಳ ಮುರಿಯೋದು ಬಾಕಿ ಇದೆ, ಬಿಳಿಜೋಳ-ಕಡಲಿ ಬಿತ್ತೋದು ಮುಂದಿದೆ. ವರ್ಷದಾಗ ಒಕ್ಕಲಿಗ ಎದಿ ತುಂಬ ಉಸಿರು ತಗೊಳ್ಳೋ ಹದಿನೈದು ದಿನ ಅಂದ್ರ ಇವೇ.

ಇಂಥಾ ಹೊತ್ತಿನ್ಯಾಗ ಜಗಳದ ಮಾತು ಯಾಕ ಬರೀತಿ ಅಂತ ಕೇಳಬಹುದು. ಬನ್ನಿ ಕೊಡಾಕ ಹೋದ ಕಡೆಯೆಲ್ಲ ಈ ಸಲ ನಾ ಕೇಳಿದ್ದು ಯುದ್ಧದ ಮಾತೇ. ಕಟ್ಟಿ ಮ್ಯಾಲ, ಚಾದ ಅಂಗಡ್ಯಾಗ, ಗೊಬ್ಬರದ ಪಾಳಿಯಾಗ ಅದೇ. "ಮೇ ತಿಂಗಳದಾಗ ಇನ್ನೊಂದು ನಾಕ ದಿವಸ ಬಿಡಬೇಕಿತ್ತು ನೋಡ್ರಿ, ಪೂರಾ ಮುಗಿಸಿಬಿಡ್ತಿದ್ರು" ಅಂತ ಒಬ್ಬರು. "ರಷ್ಯಾ-ಉಕ್ರೇನ್ ಹಿಂಗ ನಡೀಲಿ ಬಿಡ್ರಿ, ಸೂರ್ಯಪಾನಕ್ಕ ಮತ್ತ ರೇಟ್ ಬರ್ತೈತಿ" ಅಂತ ಇನ್ನೊಬ್ಬರು. ಇವರೇನು ಕೆಟ್ಟ ಮಂದಿ ಅಲ್ಲ. ಬಾಜೂ ಮನಿಯವರ ಎತ್ತು ಸತ್ತರೆ ಅವತ್ತು ಊಟ ಬಿಡೋ ಮಂದಿ. ಅದಕ್ಕೇ ನನಗ ಸಿಟ್ಟು ಬಂದದ್ದು.

ಮೊದಲು ರೇಟಿನ ಮಾತೇ ಮುಗಿಸೋಣ. ಕರುಣಿ ಮಾತು ಆಡಿದರ ನಮ್ಮವರು ಕೈ ಮುಗಿದು ಎದ್ದು ಹೋಗ್ತಾರೆ, ಲೆಕ್ಕದ ಮಾತಾದರ ಕೂತು ಕೇಳ್ತಾರೆ.

2022ರ ಫೆಬ್ರವರಿ 24ಕ್ಕ ರಷ್ಯಾ ಉಕ್ರೇನಿನೊಳಗೆ ದಂಡು ನುಗ್ಗಿಸಿತು. ಆಗ ನಮ್ಮ ದೇಶ ಹೊರಗಿನಿಂದ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣಿಯಲ್ಲಿ ಬಹುಪಾಲು ಬರ್ತಿದ್ದದ್ದು ಉಕ್ರೇನಿನಿಂದ. ಕಪ್ಪು ಸಮುದ್ರದ ಬಂದರುಗಳು ಬಂದ್ ಆದವು, ಇಲ್ಲಿ ಎಣ್ಣಿ ಲೀಟರಿಗೆ ಇನ್ನೂರರ ಹತ್ತಿರ ಹೋತು. ಆ ಬ್ಯಾಸಿಗ್ಯಾಗ ಕಾಳು ಇದ್ದವರಿಗೆ ಬೆಂಬಲ ಬೆಲೆಗಿಂತ ಮ್ಯಾಲ ಸಿಕ್ಕಿತು, ನಿಜ. ಆದರ ಎಷ್ಟು ಮಂದಿ ಹತ್ರ ಕಾಳು ಇತ್ತು? ಒಂದು ಕಾಲಕ್ಕ ಸೂರ್ಯಕಾಂತಿ ಅಂದ್ರ ದೇಶಕ್ಕೆ ಕರ್ನಾಟಕನೇ ಮುಂದು. ನೆಕ್ರೋಸಿಸ್ ರೋಗ ಬಂತು, ಗಿಳಿ ಕಾಟ ಹೆಚ್ಚಾತು, ಹೊರಗಿನ ಅಗ್ಗದ ಎಣ್ಣಿ ಬಂದು ಕೂತಿತು, ನಾವು ಒಬ್ಬೊಬ್ಬರಾಗಿ ಬಿಟ್ಟು ಮೆಕ್ಕಿಜೋಳಕ್ಕ, ಹತ್ತಿಗೆ ಹೋದಿವಿ. ರೇಟ್ ಏರಿದ್ದು ನೋಡಿ ಮತ್ತ ಬೀಜ ತರಾಕ ಓಡಿದವರು ಬಹಳ ಮಂದಿ.

ಅವರು ಬಿತ್ತೋದರೊಳಗ ಬಾಗಿಲು ತೆರೆದಿತ್ತು. 2022ರ ಮೇ ಕೊನಿಗೆ ಕೇಂದ್ರ ಸರ್ಕಾರ ವರ್ಷಕ್ಕ 20 ಲಕ್ಷ ಟನ್ ಕಚ್ಚಾ ಸೂರ್ಯಕಾಂತಿ ಎಣ್ಣಿ, 20 ಲಕ್ಷ ಟನ್ ಕಚ್ಚಾ ಸೋಯಾ ಎಣ್ಣಿ ಸುಂಕ ಇಲ್ಲದ ತರಿಸಬಹುದು ಅಂತ ಆದೇಶ ಮಾಡಿತು. ಎರಡು ವರ್ಷದ ಮಟ್ಟಿಗೆ. ಅದೇ ತಿಂಗಳು 13ಕ್ಕ ಗೋಧಿ ರಫ್ತು ನಿಲ್ಲಿಸಿತು. ಅಂದ್ರ ಯುದ್ಧದಿಂದ ರೈತನಿಗೆ ಲಾಭ ಬರೋ ಕಡೆ ಗ್ವಾಡಿ ಕಟ್ಟಿದರು, ನಷ್ಟ ಬರೋ ಕಡೆ ಬಾಗಿಲು ತೆಗೆದರು. ಪ್ಯಾಟಿ ಮಂದಿಗೆ, ಕೂಲಿ ಮಂದಿಗೆ ಎಣ್ಣಿ ಹಿಟ್ಟು ಸೋವಿ ಸಿಗಬೇಕು, ಅದಕ್ಕ ನನ್ನ ತಕರಾರು ಇಲ್ಲ. ಆದರ ಯುದ್ಧದ ರೇಟ್ ರೈತನ ಚೀಲಕ್ಕ ಬಂದು ಬೀಳ್ತೈತಿ ಅಂತ ನಂಬಿ ಕೂಡ್ರೋರು ಈ ಎರಡು ಆದೇಶ ಓದಿಕೊಳ್ಳಬೇಕು. 2023ಕ್ಕ ಬೆಂಬಲ ಬೆಲೆ 6,400 ಇದ್ದಾಗ ಮಾರ್ಕೆಟ್‌ನಾಗ ಅದಕ್ಕಿಂತ ಸಾವಿರದ ಮ್ಯಾಲ ಕಡಿಮಿಗೆ ಕೇಳಿದರು. 2024ರ ಸೆಪ್ಟೆಂಬರ್‌ನಾಗ ಸುಂಕ ಏರಿಸಿದರು. 2025ರ ಮೇ ಕೊನಿಗೆ, ಮುಂಗಾರಿ ಬಿತ್ತೋ ಹೊತ್ತಿಗೆ ಸರಿಯಾಗಿ, ಕಚ್ಚಾ ಎಣ್ಣಿ ಮ್ಯಾಲಿನ ಮೂಲ ಸುಂಕ 20ರಿಂದ 10ಕ್ಕ ಇಳಿಸಿದರು. ಯುದ್ಧ ಇನ್ನೂ ನಡದೇ ಐತಿ. ಎಣ್ಣಿ ಬರೋದೂ ನಡದೇ ಐತಿ, ಮೊದಲು ಉಕ್ರೇನಿನಿಂದ ಹೆಚ್ಚು ಬರ್ತಿತ್ತು, ಈಗ ರಷ್ಯಾದಿಂದ ಹೆಚ್ಚು ಬರ್ತೈತಿ. ಹಡಗಿನವನಿಗೆ ಯಾರು ಗೆದ್ದರೂ ಬಾಡಿಗಿ ಐತಿ.

ಇನ್ನು ಗೊಬ್ಬರ. ಪೊಟ್ಯಾಶ್ ನಮಗ ಪೂರಾ ಹೊರಗಿನಿಂದಲೇ ಬರಬೇಕು, ರಷ್ಯಾ, ಬೆಲಾರುಸ್ ಕಡೆಯಿಂದಲೂ ಬರ್ತೈತಿ. ಸಾವಿರ ರೂಪಾಯಿ ಆಚೆ-ಈಚೆ ಇದ್ದ ಚೀಲ 2022ಕ್ಕ 1,700 ಮುಟ್ಟಿತು. ಡಿಎಪಿ 1,350ರಾಗೇ ನಿಂತಿತು, ಯಾಕಂದ್ರ ಉಳಿದದ್ದನ್ನ ಸರ್ಕಾರ ಹೊತ್ತುಕೊಂಡಿತು. 2022-23ರ ಗೊಬ್ಬರದ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ದಾಟಿತು. ಅದು ಆಕಾಶದಿಂದ ಬಿದ್ದ ರೊಕ್ಕ ಅಲ್ಲ. ಮತ್ತ ಚೀಲದ ಮ್ಯಾಲ 1,350 ಅಂತ ಇದ್ದ ಮಾತ್ರಕ್ಕ ಚೀಲ ಸಿಗಬೇಕಲ್ಲ? ಪ್ಯಾಟ್ಯಾಗ ಒಬ್ಬ ಅಂಗಡಿಕಾರ ನನಗ ಎರಡು ಚೀಲ ಡಿಎಪಿ ಕೊಡಬೇಕಾದ್ರ ನನಗ ಬ್ಯಾಡಾದ ಎರಡು ಡಬ್ಬಿ ಟಾನಿಕ್ ಕಟ್ಟಿ ಕೊಟ್ಟ. ನಿಮಗೂ ಯಾರೋ ಕಟ್ಟಿರ್ತಾರ. ಆ ಡಬ್ಬಿ ರೊಕ್ಕನೂ ಯುದ್ಧದ ಲೆಕ್ಕದಾಗ ಬರಕೊಳ್ರಿ.

ಲೆಕ್ಕ ಇಷ್ಟು ಸಾಕು. ಈಗ ಆ ಕಡಿ ಹೊಲದ ಮಾತು.

ಉಕ್ರೇನಿನ ಮಣ್ಣಿಗೆ ಚೆರ್ನೋಜೆಮ್ ಅಂತಾರೆ. ಕರೀ ಮಣ್ಣು ಅಂತಲೇ ಅದರ ಅರ್ಥ. ನಮ್ಮ ಎರಿಯಂಥದ್ದಲ್ಲ. ನಮ್ಮದು ಜಿಗುಟು, ಬ್ಯಾಸಿಗ್ಯಾಗ ಕಾಲು ಹೋಗುವಷ್ಟು ಬಿರುಕು ಬಿಡ್ತೈತಿ. ಅವರದು ಸಾವಿರಾರು ವರ್ಷದ ಹುಲ್ಲು ಕೊಳೆತು ಆದ ಮಣ್ಣು, ಮೊಳ ದಾಟಿ ಆಳಕ್ಕೂ ಕರ್ರಗ, ಪುಡಿ ಪುಡಿ. ಅದರಾಗ ಅವರು ಬೆಳೆಯೋದು ನಾವು ಬಲ್ಲ ಬೆಳೆಗಳೇ: ಸೂರ್ಯಕಾಂತಿ, ಮೆಕ್ಕಿಜೋಳ, ಗೋಧಿ. ಮತ್ತ ನಮ್ಮ ಈ ಹೊತ್ತೇ ಅವರ ಸುಗ್ಗಿ ಹೊತ್ತು. ಸೆಪ್ಟೆಂಬರ್-ಅಕ್ಟೋಬರ್‌ನಾಗ ಸೂರ್ಯಕಾಂತಿ ಕೊಯ್ತಾರೆ, ಅದೇ ಹೊತ್ತಿನ್ಯಾಗ ಚಳಿಗಾಲದ ಗೋಧಿ ಬಿತ್ತುತಾರೆ. ಆ ಗೋಧಿ ಹುಟ್ಟಿ, ಬೇರು ಹಿಡಿದು, ಹಿಮ ಬಿದ್ದಾಗ ಅದರ ಕೆಳಗ ಮಲಗ್ತೈತಿ. ಹಿಮ ಕರಗಿದ ಮ್ಯಾಲ ಎದ್ದು ಜುಲೈಗೆ ಕೊಯ್ಲಿಗೆ ಬರ್ತೈತಿ. ಹಿಮಕ್ಕ ಮೊದಲು ಬೇರು ಹಿಡೀಬೇಕು, ಅದಕ್ಕ ಅವರಿಗೂ ಹದ ತಪ್ಪಿಸುವಂಗಿಲ್ಲ. ಹದ ತಪ್ಪೋದು ಅಂದ್ರ ಏನು ಅಂತ ಉತ್ತರಿ ಕೈಕೊಟ್ಟ ವರ್ಷ ನೋಡಿದ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಹದದಾಗ ಅವರು ಹೊಲಕ್ಕ ಇಳಿಯೋದು ಹೆಂಗ? ಮೈನ್ ಅಥವಾ ಸಿಡಿಯದೆ ಉಳಿದ ಗುಂಡು ಇರಬಹುದಾದ ನೆಲ 1,74,000 ಚದರ ಕಿಲೋಮೀಟರ್ ಅಂತ ಉಕ್ರೇನ್ ಸರ್ಕಾರ 2023ರಾಗ ಲೆಕ್ಕ ಕೊಟ್ಟಿತ್ತು. ನಮ್ಮ ಇಡೀ ಕರ್ನಾಟಕ 1,91,791. ಬೀದರಿನಿಂದ ಚಾಮರಾಜನಗರದ ತನಕ ಎಲ್ಲೆಲ್ಲಿ ಕಾಲಿಡಬೇಕು ಅಂತ ಅನುಮಾನ ಪಡಬೇಕಾದ ಸ್ಥಿತಿ ನೆನಸಿಕೊಳ್ರಿ. ಆಮ್ಯಾಲ ತಪಾಸಣಿ ಮಾಡಿ ಮಾಡಿ ಆ ಅಂಕಿ ಇಳಿಸ್ತಾ ಬಂದಾರ, ಆದರೂ ಇನ್ನೂ ಲಕ್ಷದ ಮ್ಯಾಲೇ ಐತಿ. ಟ್ಯಾಂಕ್ ಒಡೆಯೋ ಮೈನ್ ಹೆಂಗಿರ್ತೈತಿ ಗೊತ್ತೇನು? ಮನುಷ್ಯ ಅದರ ಮ್ಯಾಲ ನಡೆದರೂ ಬಹಳ ಸಲ ಸಿಡಿಯೋದಿಲ್ಲ, ಭಾರ ಬೀಳಬೇಕು. ಅಂದ್ರ ಹೊಲದಾಗ ಅಡ್ಡಾಡಿ ಬಂದು ಏನೂ ಇಲ್ಲ ಅಂತ ಟ್ರ್ಯಾಕ್ಟರ್ ಹೂಡಿದವನಿಗೇ ಅದು ಕಾದಿರ್ತೈತಿ. ಬಿತ್ತೋ ಹೊತ್ತಿಗೆ ಟ್ರ್ಯಾಕ್ಟರ್ ಮ್ಯಾಲೇ ಸತ್ತವರು, ಕಾಲು ಕಳಕೊಂಡವರು ಅಲ್ಲಿ ಎಷ್ಟೋ ಮಂದಿ. ಖಾರ್ಕಿವ್ ಕಡೆ ಒಬ್ಬ ರೈತ ಸರ್ಕಾರದ ಮೈನ್ ತೆಗೆಯೋರ ಪಾಳಿ ಬರೋತನಕ ಕಾಯಲಾರದ ಮುರುಕು ರಷ್ಯನ್ ಸೇನಾ ಗಾಡಿಗಳ ಉಕ್ಕಿನ ತಗಡು ಬಿಚ್ಚಿ ತನ್ನ ಟ್ರ್ಯಾಕ್ಟರಿಗೆ ಕಟ್ಟಿ, ರಿಮೋಟ್ ಇಟ್ಟು, ದೂರ ನಿಂತು ಹೊಲ ಹೊಡೆದ. ಇದು 2023ರ ಸುದ್ದಿ. ನಮ್ಮ ಹುಡುಗರು ಆ ವಿಡಿಯೋ ನೋಡಿ "ಏನ್ ತಲಿ ಓಡಿಸ್ಯಾನಪಾ" ಅಂದ್ರು. ತಲಿ ಓಡಿಸ್ಯಾನ, ಖರೆ. ತನ್ನ ಹೊಲಕ್ಕ ತಾ ಇಳಿಯಾಕ ಅಂಜಿ ಓಡಿಸ್ಯಾನ.

ನಮಗ ನೀರಿನ ಮಾತು ಬೇಗ ತಿಳೀತೈತಿ, ಅದನ್ನೂ ಹೇಳ್ತೀನಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಹರಿದು ಕೊಚ್ಚಿ ಹೋದಾಗ ನಾವು ಯಾರು ನಿದ್ದಿ ಮಾಡಿದ್ವಿ? ನಾಕು ಜಿಲ್ಲಾ ಎದಿ ಮ್ಯಾಲ ಕೈ ಇಟ್ಟುಕೊಂಡು ಕೂತಿತ್ತು. ಒಂದು ವಾರದಾಗ ಹರಿಯೋ ನೀರಿನೊಳಗೇ ಸ್ಟಾಪ್ ಲಾಗ್ ಇಳಿಸಿ ನಿಲ್ಲಿಸಿದರು, ನಮ್ಮ ಒಂದು ಬೆಳಿ ಉಳೀತು. 33 ಗೇಟಿನಾಗ ಒಂದು ಗೇಟ್ ಅದು. ಉಕ್ರೇನಿನ ನೀಪ್ರೋ ನದಿಗೆ ಕಟ್ಟಿದ ಕಖೋವ್ಕಾ ಡ್ಯಾಮ್ 2023ರ ಜೂನ್ 6ರ ನಸುಕಿನ್ಯಾಗ ಗೋಡಿ ಸಮೇತ ಹೋತು. ನಮ್ಮ ತುಂಗಭದ್ರಾದ ಆರು ಪಟ್ಟು ನೀರು ಹಿಡಿಯೋ ಡ್ಯಾಮ್. ಆಗ ಅದು ರಷ್ಯಾ ಸೇನೆಯ ಕೈಯಾಗಿತ್ತು. ಸ್ಟಾಪ್ ಲಾಗ್ ಇಳಿಸಾಕ ಯಾರನ್ನೂ ಬಿಡುವಂಗಿರಲಿಲ್ಲ, ಎರಡೂ ದಂಡಿಯಾಗ ದಂಡು ಕೂತಿತ್ತು. ಅದರ ಕಾಲುವಿ ನಂಬಿದ ಸುಮಾರು 5.8 ಲಕ್ಷ ಹೆಕ್ಟೇರಿಗೆ ನೀರು ಹೋತು ಅಂತ ಅಲ್ಲಿನ ಕೃಷಿ ಇಲಾಖೆ ಹೇಳಿತು. ಕೆಳಗಿನ ಊರು ಮುಳುಗಿದವು, ಮ್ಯಾಲಿನ ಹೊಲ ಒಣಗಿದವು. ಟೇಲೆಂಡಿನ ರೈತರಿಗೆ ಇದಕ್ಕಿಂತ ಹೆಚ್ಚು ನಾ ಏನು ಬಿಡಿಸಿ ಹೇಳಲಿ.

ಅದೇ ಜೂನ್ 6ಕ್ಕ, ಅದೇ ದಿವಸ, ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಶಾಹಾಬಾದಿನಾಗ ಸೂರ್ಯಕಾಂತಿ ಬೆಳೆದವರು ಬೆಂಬಲ ಬೆಲೆ ಕೊಡ್ರಿ ಅಂತ ಹೆದ್ದಾರಿ ಮ್ಯಾಲ ಕೂತಿದ್ದರು. ಪೊಲೀಸರ ಲಾಠಿ ತಿಂದರು. ಯುದ್ಧದಿಂದ ಸೂರ್ಯಪಾನಕ್ಕ ಏನು ಬಂತು ಅಂತ ಕೇಳಿದವರಿಗೆ ನಾ ಈ ತಾರೀಖು ಹೇಳ್ತೀನಿ.

ನಿಂತ ಮ್ಯಾಲಾದರೂ ಯುದ್ಧ ನಿಲ್ತೈತೇನು? ಫ್ರಾನ್ಸ್, ಬೆಲ್ಜಿಯಂ ಕಡೆ ಮೊದಲನೇ ಮಹಾಯುದ್ಧ 1918ಕ್ಕ ಮುಗೀತು. ಇವತ್ತಿಗೂ ರಂಟಿ ಹೊಡೆದಾಗ ಆ ಕಾಲದ ಗುಂಡು, ಶೆಲ್ಲು ಮ್ಯಾಲ ಬರ್ತಾವ. ರೈತರು ಅವನ್ನ ಬದುವಿಗೆ ಇಟ್ಟು ಬಾಂಬ್ ತಂಡಕ್ಕ ಹೇಳಿ ಕಳಿಸ್ತಾರ. ಅಲ್ಲಿನ ಮಂದಿ ಅದಕ್ಕ ಕಬ್ಬಿಣದ ಸುಗ್ಗಿ ಅಂತಾರೆ. ವೆರ್ದುನ್ ಸುತ್ತ ಉಳಬಾರದು ಅಂತ ಬಿಟ್ಟ ನೆಲ ಕಾಡಾಗಿ ನಿಂತೈತಿ. ನಾಕು ವರ್ಷದ ಯುದ್ಧಕ್ಕ ನೂರು ವರ್ಷದ ಮ್ಯಾಲ ಕಳೆ ತೆಗಿಯಾಕ ಹತ್ಯಾರ. ಈ ತಿಂಗಳು ಪ್ಯಾಲೆಸ್ತೀನಿನಾಗ ಆಲಿವ್ ಸುಗ್ಗಿ. ಗಾಜಾದಾಗ ಉಳುಮೆಗೆ ಸಿಗೋ ನೆಲ ನೂರಕ್ಕ ಐದರಷ್ಟೂ ಉಳಿದಿಲ್ಲ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2025ರಾಗ ಹೇಳಿತು. ಅಲ್ಲಿ ಯಾರ ಪಕ್ಷ ಅಂತ ಕಾಮೆಂಟಿನಾಗ ಗುದ್ದಾಡೋರಿಗೆ ಒಂದೇ ಮಾತು ಕೇಳ್ತೀನಿ: ಆಲಿವ್ ಗಿಡ ಯಾವ ಪಕ್ಷ?

ದೂರದ ಮಾತು ಬ್ಯಾಡ ಅಂದ್ರ ನಮ್ಮ ಕಾಲ ಕೆಳಗಿನ ನೆಲದ ಮಾತು ಆಡೋಣ. ಕೃಷ್ಣಾ-ತುಂಗಭದ್ರಾ ನಡುವಿನ ಈ ಎರಿ ನೆಲಕ್ಕಾಗಿ ವಿಜಯನಗರದವರು, ಬಹಮನಿಯವರು, ಆಮ್ಯಾಲ ಬಿಜಾಪುರದವರು ಇನ್ನೂರು ವರ್ಷ ಹೊಡೆದಾಡಿದರು. 1520ಕ್ಕ ರಾಯಚೂರು ಕಾಳಗ, 1565ಕ್ಕ ತಾಳಿಕೋಟೆ. ನಮ್ಮ ಮ್ಯಾಲಿನ ಪ್ರೀತಿಗೆ ಅಲ್ಲ, ನಮ್ಮ ಜೋಳದ ಕಂದಾಯಕ್ಕ. ಮತ್ತ ದಂಡು ಯಾವಾಗ ಹೊರಡ್ತಿತ್ತು? ಇದೇ ಬನ್ನಿ ಮುಗಿದ ಮ್ಯಾಲ. ಮಳಿ ನಿಂತಿರ್ತೈತಿ, ಹೊಳಿ ಇಳಿದಿರ್ತೈತಿ, ದಾರಿ ಗಟ್ಟಿಯಾಗಿರ್ತೈತಿ, ಕುದುರಿ-ಎತ್ತಿಗೆ ಹೊಲದಾಗ ಮೇವು, ಸಿಪಾಯಿಗೆ ಹೊಸ ಕಾಳು ಸಿಗ್ತೈತಿ. ಅದಕ್ಕ ಸೀಮೋಲ್ಲಂಘನ ಅಂತ ಚಂದನೆಯ ಹೆಸರು. ಹಂಪಿಯಾಗ ಮಹಾನವಮಿ ದಿಬ್ಬದ ಗ್ವಾಡಿ ತುಂಬ ಆನಿ-ಕುದುರಿ ಸಾಲು ಕೆತ್ತ್ಯಾರ, ಪೋರ್ಚುಗಲ್ಲಿನ ಪಾಯೆಸ್ ಕೃಷ್ಣದೇವರಾಯನ ಕಾಲದಾಗ ಬಂದು ಆ ಹಬ್ಬ, ಆ ದಂಡಿನ ಮೆರವಣಿಗಿ ನೋಡಿ ಬರೆದಿಟ್ಟಾನ. ಆ ಕುದುರಿ ಯಾರ ಹೊಲದಾಗ ಮೇಯ್ದವು ಅಂತ ಮಾತ್ರ ದಿಬ್ಬದ ಮ್ಯಾಲ ಹುಡುಕಬ್ಯಾಡ್ರಿ. ಶರತ್ಕಾಲ ಅಂದ್ರ ರಾಜರಿಗೆ ಯುದ್ಧದ ಹದ, ನಮಗ ಬಿತ್ತೋ ಹದ. ಎರಡೂ ಒಂದೇ ನೆಲದ ಮ್ಯಾಲ ಬಂದಾಗ ಯಾವುದು ನಡೀತು ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮೂರ ಹನುಮಪ್ಪನ ಗುಡಿ ಹಿಂದಿನ ವೀರಗಲ್ಲು ನೋಡ್ರಿ. ಅಂಥವು ನಿಮ್ಮೂರಾಗೂ ಅದಾವ. ಕೆಳಗಿನ ಪಟ್ಟಿಯಾಗ ಕಾಳಗ, ನಡುವ ಅಪ್ಸರೆಯರು ಅವನನ್ನ ಎತ್ತಿಕೊಂಡು ಹೋಗೋದು, ಮ್ಯಾಲ ಕೈಲಾಸ. ಆ ವರ್ಷ ಅವನ ಹೊಲ ಯಾರು ಬಿತ್ತಿದರು ಅನ್ನೋ ನಾಕನೇ ಪಟ್ಟಿ ಯಾವ ಕಲ್ಲಿನಾಗೂ ಇಲ್ಲ. ಮಾಸ್ತಿಕಲ್ಲು ಐತಿ ಅಂತೀರಿ. ಐತಿ, ಅದರಾಗ ಹೆಣಮಗಳ ಕೈ ಅಷ್ಟೇ ಐತಿ.

"ಹಂಗಾದ್ರ ನಮ್ಮ ಮಂದಿನ್ನ ಬಂದು ಕೊಂದು ಹೋದರ ಕೈ ಕಟ್ಟಿ ಕೂಡಬೇಕೇನು?" ಇದು ಬಂದೇ ಬರೋ ಪ್ರಶ್ನೆ, ನ್ಯಾಯದ ಪ್ರಶ್ನೆನೂ ಹೌದು. 2025ರ ಏಪ್ರಿಲ್ 22ಕ್ಕ ಪಹಲ್ಗಾಮಿನಾಗ 26 ಮಂದಿ ಸತ್ತಾಗ ಅದರಾಗ ನಮ್ಮ ಶಿವಮೊಗ್ಗದವರೂ ಇದ್ದರು. ಆ ಸಿಟ್ಟು ನನಗೂ ಬಂದಿತ್ತು. ದೇಶ ಕಾಯೋ ಕೆಲಸ ಬ್ಯಾಡ ಅನ್ನೋ ಹುಚ್ಚ ನಾನಲ್ಲ. ಬೆಳಗಾವಿ ಕಡೆ, ನಮ್ಮ ಕಡೆ, ಫೌಜಿಗೆ ಹೋಗೋ ಹುಡುಗರು ಯಾರ ಮಕ್ಕಳು? ಎರಡು ಎಕರೆ ಖುಷ್ಕಿಯವರ ಮಕ್ಕಳು. ಅದಕ್ಕೇ ಹೇಳೋದು. ಕಾಯೋದು ಬ್ಯಾರೆ, ಕುಣಿಯೋದು ಬ್ಯಾರೆ. ಮೇ 7ರಿಂದ 10ರ ತನಕ ನಾಕು ದಿವಸ ನಮ್ಮ ಟಿವಿಯವರು ಸೈರನ್ ಹಾಕಿಕೊಂಡು ಕರಾಚಿ ಬಂದರೇ ಹೋತು ಅಂದರು. ಹೋಗಿರಲಿಲ್ಲ. ಅದೇ ನಾಕು ದಿವಸದಾಗ ಪೂಂಛಿನಾಗ ಆ ಕಡಿಯಿಂದ ಬಿದ್ದ ಶೆಲ್ಲಿಗೆ ಹತ್ತಕ್ಕಿಂತ ಹೆಚ್ಚು ಮಂದಿ ನಮ್ಮ ನಾಗರಿಕರು ಸತ್ತರು, ಮಕ್ಕಳೂ ಸೇರಿ. "ಇನ್ನೊಂದು ನಾಕ ದಿವಸ" ಅಂದವರು ಪೂಂಛಿನವರ ಹೆಸರಲ್ಲಿ ಹೇಳ್ತೀರೋ, ನಿಮ್ಮ ಕುರ್ಚಿಯ ಹೆಸರಲ್ಲಿ ಹೇಳ್ತೀರೋ?

ಗಡಿಯಾಗಿನ ರೈತರದ್ದೂ ಸ್ವಲ್ಪ ಕೇಳ್ರಿ. ಪಂಜಾಬಿನಾಗ ತಂತಿಬೇಲಿ ಆಚೆ ಹೊಲ ಇದ್ದವರು ಸಾವಿರಾರು ಮಂದಿ. ಪಾಸ್ ತೋರಿಸಿ, ಗೇಟ್ ತೆರೆದ ಹೊತ್ತಿಗೆ ಹೋಗಿ, ಮುಚ್ಚೋದರೊಳಗ ಬರಬೇಕು. ಮರೆಯಾಗುವಷ್ಟು ಎತ್ತರದ ಬೆಳಿ ಹಾಕುವಂಗಿಲ್ಲ. ನೀರು ಬಿಡೋ ಪಾಳಿ ರಾತ್ರಿ ಬಂದರ ಹೊಲಕ್ಕ ಹೋಗುವಂಗಿಲ್ಲ. 2001ರ ಡಿಸೆಂಬರಿನಾಗ ಸಂಸತ್ತಿನ ಮ್ಯಾಲ ದಾಳಿ ಆದ ಮ್ಯಾಲ ಸೇನೆ ಗಡಿಗೆ ಹೋತಲ್ಲ, ಆಗ ಪಂಜಾಬ್, ರಾಜಸ್ಥಾನದ ಗಡಿ ಹೊಲಗಳಾಗ ಮೈನ್ ಹೂತಿದ್ದರು. ಯುದ್ಧ ಆಗಲೇ ಇಲ್ಲ. ಮೈನ್ ಮಾತ್ರ ತಿಂಗಳುಗಟ್ಟಲೆ ಇದ್ದವು, ತೆಗಿಯೋ ಹೊತ್ತಿಗೂ ಜನ ಸತ್ತರು. ಆಗದ ಯುದ್ಧಕ್ಕೇ ಇಷ್ಟು.

ಉಕ್ರೇನಿಗೆ ಯುದ್ಧ ಶುರುವಾಗಿ ಒಂದು ವಾರನೂ ಆಗಿರಲಿಲ್ಲ, 2022ರ ಮಾರ್ಚ್ 1ಕ್ಕ ಖಾರ್ಕಿವಿನಾಗ ಡಾಕ್ಟರಕಿ ಓದಾಕ ಹೋದ ನಮ್ಮ ಹಾವೇರಿ ಜಿಲ್ಲೆಯ ಹುಡುಗ ಸತ್ತ. ಊಟದ ಸಾಮಾನಿಗೆ ಹೊರಗ ಹೋಗಿದ್ದ. ಹೆಣ ಊರಿಗೆ ಬರಾಕ ಮೂರು ವಾರ ಹಿಡೀತು. ಮನಿಯವರು ಪೂಜೆ ಮುಗಿಸಿ ಅದನ್ನ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಆ ಹೊತ್ತಿನ್ಯಾಗೇ ಸೂರ್ಯಪಾನಕ್ಕ ರೇಟ್ ಬಂದದ್ದು. ನೆನಪಿರಲಿ ಅಂತ ಹೇಳಿದೆ.

ಶೀಗಿ ಹುಣ್ಣಿಮಿಗೆ ಹೊಲದಾಗ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪಾಂಡವರು ಅಂತ ಪೂಜಿ ಮಾಡ್ತೀವಿ. ಆಯುಧ ಬನ್ನಿ ಗಿಡಕ್ಕ ಕಟ್ಟಿ ಬಂದ ಆ ಐದು ಮಂದಿಗೆ ನಮ್ಮ ಅಜ್ಜಂದಿರು ಹೊಲದಾಗ ಬಿಲ್ಲು-ಗದಿ ಕೊಡಲಿಲ್ಲ, ಕಡಬು, ಬುತ್ತಿ, ಪುಂಡಿಪಲ್ಯಾ ಕೊಟ್ಟರು. ಬಸುರಿ ಭೂಮಿತಾಯಿ ಎದುರಿಗೆ ಕೂತು ಉಣ್ರಪಾ ಅಂದರು. ಈ ಸಲ ಒಂದೆರಡು ಕಡೆ ಚರಗದ ಟ್ರ್ಯಾಕ್ಟರಿಗೆ ಡಿಜೆ ಕಟ್ಟಿ ಮಿಸೈಲಿನ ಹಾಡು ಹಾಕ್ತೀವಿ ಅಂತ ಹುಡುಗರು ಹೇಳ್ಯಾರಂತ ಕೇಳಿದೆ. ಹಾಕಬ್ಯಾಡ್ರಿ. ಹಿರೇರು ಇದ್ದವರು ಹೇಳ್ರಿ. ನನ್ನ ಹೊಲದ ಬದುವಿನ ಮ್ಯಾಲ ನಾ ಬಿಡೋದಿಲ್ಲ, ಸಿಟ್ಟಾದರ ಆಗಲಿ.

ಸಿಟ್ಟು ಇದ್ದವರಿಗೆ ಕೆಲಸನೂ ಐತಿ. ಸೂರ್ಯಕಾಂತಿಗೆ 2025-26ರ ಬೆಂಬಲ ಬೆಲೆ 7,721. ಖರೀದಿ ಕೇಂದ್ರ ಸುಗ್ಗಿ ಮುಗಿದ ಮ್ಯಾಲ ಅಲ್ಲ, ಸುಗ್ಗಿಗೆ ಮೊದಲು ತೆರೀಬೇಕು. ಸುಂಕ ಇಳಿಸೋ ಆದೇಶ ಬಿತ್ತೋ ತಿಂಗಳದಾಗ ಬರಬಾರದು. ಇವೆರಡು ಬರೆದು ಎಪಿಎಂಸಿಗೂ ತಹಶೀಲ್ದಾರರಿಗೂ ಕೊಡೋ ಅರ್ಜಿ ತಯಾರೈತಿ, ಹುಣ್ಣಿಮಿ ಮರುದಿನ ಮುಂಜಾನಿ ಪಂಚಾಯ್ತಿ ಕಟ್ಟಿ ಹತ್ರ ಸಹಿ ಹಾಕಾಕ ಬರ್ರಿ. ಯುದ್ಧ ಆಗಲಿ ಅಂತ ಕಾಯೋದಕ್ಕಿಂತ ಇದರಾಗ ರೇಟ್ ಬರೋ ಆಸೆ ಹೆಚ್ಚು.

ಡಿಎಪಿ ಸಿಗದೆ ಫೋನ್ ಮಾಡಿದವರಿಗೆ: ಒಂದು ಚೀಲ ಡಿಎಪಿ ಬದಲಿಗೆ ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್, ಜೊತಿಗೆ 20 ಕೆಜಿ ಯೂರಿಯಾ ಹಾಕಿದರ ರಂಜಕ, ಸಾರಜನಕ ಹೆಚ್ಚೂ ಕಡಿಮಿ ಅಷ್ಟೇ ಬರ್ತೈತಿ. ಸೂಪರಿನಾಗ ಗಂಧಕನೂ ಇರೋದರಿಂದ ಕಡಲಿಗೆ, ಎಣ್ಣಿಕಾಳಿಗೆ ಒಳ್ಳೇದೇ. ಕಡಲಿ ಬೀಜಕ್ಕ ಟ್ರೈಕೋಡರ್ಮಾ ಹಚ್ಚಿ ನೆರಳಾಗ ಒಣಗಿಸಿ ಬಿತ್ತ್ರಿ, ಸಿಡಿ ರೋಗ ಇದ್ದ ಹೊಲದವರು ಇದನ್ನ ಬಿಡಬ್ಯಾಡ್ರಿ. ಟ್ರೈಕೋಡರ್ಮಾ ನನ್ನ ಹತ್ರ ಎಂಟು ಪಾಕೀಟು ಹೆಚ್ಚಿಗೆ ಅದಾವ, ಬೇಕಾದವರು ಸಂಜಿ ಬಂದು ಒಯ್ಯಬಹುದು.